ಅಕ್ಕನ ನಿದ್ದೆ

ಮಧ್ಯಾಹ್ನ ಮೂರೂ ಹತ್ತಕ್ಕೆ ಲ್ಯಾಬಿನ ಗ್ಯಾಸ್ ಅಲಾರಂ ಕೂಗಿತು. ಆಮೇಲೆ ನೆನಪಿರುವುದು ನನ್ನ ಮಣಿಕಟ್ಟನ್ನು ಹಿಡಿದ ಬೆರಳುಗಳು. ತುದಿಯೆಲ್ಲ ಬಿಳುಚಿ, ಗೆರೆಗಳು ಸವೆದುಹೋದ ಬೆರಳುಗಳು. ಶಿಡ್ಲಘಟ್ಟದ ಮನೆಯಲ್ಲಿ ಅಮ್ಮನ ಪಕ್ಕ ಕೂತು, ಬಿಸಿನೀರಿನಲ್ಲಿ ನೆನೆದ ಗೂಡುಗಳಿಂದ ರೇಷ್ಮೆ ಎಳೆ ಹುಡುಕುತ್ತ ಬೆಳೆದ ಅಕ್ಕನ ಕೈ ಅದು.

"ಫ್ಯಾನ್ ಸ್ವಿಚ್ ಮುಟ್ಟಬೇಡ ಕಣೇ! ಆಚೆ ನಡಿ!"

ನನ್ನನ್ನು ಬಾಗಿಲಾಚೆ ನೂಕಿ ಅಕ್ಕ ಒಳಗೇ ಉಳಿದರು. ಸಾವಿರ ಡಿಗ್ರಿ ಕಾದ ಕುಲುಮೆಯ ಪಕ್ಕದಲ್ಲಿ ಹೈಡ್ರೋಜನ್ ಸೋರುತ್ತಿತ್ತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ವಿಚ್ಚಿನ ಒಂದು ಕಿಡಿ ಸಾಕು. ಬಾಗಿಲ ಗಾಜಿನಲ್ಲಿ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಸಿಲಿಂಡರಿನ ವಾಲ್ವ್ ತಿರುಗಿಸಿ ಮುಚ್ಚಿ, ಹೊರಗೆ ಬಂದು, "ಟೀ ಕುಡಿಯಣ" ಅಂದರು.

ಚಿಕ್ಕಬಳ್ಳಾಪುರದ ನಮ್ಮ ಲ್ಯಾಬಿನಲ್ಲಿ ಅವರು ಸೀನಿಯರ್. ಬಾಯಲ್ಲಿ ಅಕ್ಕ ಎನ್ನುತ್ತಿದ್ದೆ, ಹೊಟ್ಟೆಯಲ್ಲಿ ಉರಿ. ಗ್ರಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. ಅದನ್ನು ಕೂದಲಿಗಿಂತ ಸಾವಿರ ಪಾಲು ಸಣ್ಣ ಪಟ್ಟಿಗಳಾಗಿಸಿ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬಿಟ್ಟರೆ, ಎಲೆಕ್ಟ್ರಾನುಗಳು ಒಟ್ಟಾಗಿ ತೊನೆಯುತ್ತವೆ. ಆ ತೊನೆತಕ್ಕೆ ಹೊಂದುವ ಬೆಳಕನ್ನು ಪಟ್ಟಿ ಹೀರುತ್ತದೆ. ಪರದೆಯ ಗೆರೆಯಲ್ಲಿ ಅಲ್ಲೊಂದು ತಗ್ಗು ಬೀಳುತ್ತದೆ. ವೋಲ್ಟೇಜ್ ಏರಿಸಿದರೆ ತಗ್ಗು ಪಕ್ಕಕ್ಕೆ ಸರಿಯಬೇಕು.

"ಕೈವಾರದ ಭಜನೇಲಿ ತಂಬೂರಿ ಬಿರಡೆ ಬಿಗಿ ಮಾಡ್ತಾರಲ್ಲ, ಹಂಗೆ ಕಣಮ್ಮ. ತಂತಿ ಅದೇ, ಶ್ರುತಿ ಬೇರೆ" ಎನ್ನುತ್ತಿದ್ದರು ಅಕ್ಕ.

ಅವರ ತಗ್ಗು ಹೇಳಿದಂತೆ ಸರಿಯುತ್ತಿತ್ತು. ನನ್ನದು ಕಾಣುತ್ತಲೇ ಇರಲಿಲ್ಲ. ದ್ರಾವಣದ ಮೇಲೆ ತೇಲುವ ಹಾಳೆಯನ್ನು ಅವರು ಒಂದು ಸುಕ್ಕಿಲ್ಲದೆ ಎತ್ತುತ್ತಿದ್ದರು, ನಾನು ಹರಿದುಬಿಡುತ್ತಿದ್ದೆ. "ಅವಸರ ಮಾಡಿದ್ರೆ ಎಳೆ ಸಿಗಲ್ಲ" ಎಂದು ನಗುವರು. ಆ ನಗುವೂ ನನಗೆ ಆಗುತ್ತಿರಲಿಲ್ಲ.

ಆ ಸಂಜೆ ಚಿಂತಾಮಣಿ ಬಸ್ಸು ಹತ್ತಿದೆವು. ಸೀಟಿಗೊರಗಿ ಕಣ್ಣು ಮುಚ್ಚಿದ ಅಕ್ಕ ಶಿಡ್ಲಘಟ್ಟ ಬರುವವರೆಗೂ ಗೊರಕೆ ಹೊಡೆದರು. ನಾನು ಎಚ್ಚರವಾಗಿ ಪಕ್ಕದಲ್ಲಿ ಕೂತಿದ್ದೆ. ಜೀವ ಉಳಿಸಿದವರ ಮೇಲೆ ಅಷ್ಟು ಹೊಟ್ಟೆಕಿಚ್ಚು ಎಂದೂ ಪಟ್ಟಿರಲಿಲ್ಲ. ತಗ್ಗು ಅವರದು, ಧೈರ್ಯ ಅವರದು, ಕೊನೆಗೆ ನಿದ್ದೆಯೂ ಅವರದೇ?

ಅಂದಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಹತ್ತಿದರೆ ಕಿವಿಯಲ್ಲಿ ಅದೇ ಅಲಾರಂ. ಎದ್ದು ಅಡುಗೆಮನೆಗೆ ಹೋಗಿ ಸಿಲಿಂಡರ್ ಮುಟ್ಟಿ ನೋಡುತ್ತಿದ್ದೆ. ಅಮ್ಮ ಹಾಸಿಗೆಯಿಂದಲೇ, "ಗ್ಯಾಸ್ ಆಫ್ ಮಾಡಿದೀನಿ, ಮಲಕೊಳ್ಳೇ" ಎನ್ನುವಳು.

ಬೇರೆ ಊರಿನ ಲ್ಯಾಬು ಸೇರಲು ಅಕ್ಕ ಹೊರಟ ದಿನ ಕೊಂಕು ತಡೆಯದೆ ಬಂತು. "ನಿಮಗೇನಕ್ಕ, ಆವತ್ತೂ ಬಸ್ಸಲ್ಲಿ ಗೊರಕೆ ಹೊಡೆದ್ರಿ."

ಅವರು ನನ್ನನ್ನೇ ನೋಡಿದರು. "ಅದು ನಾಟಕ ಕಣೇ. ಮಾತಾಡಿದ್ರೆ ಅತ್ತುಬಿಡ್ತಿದ್ದೆ. ನಾನು ಅತ್ತಿದ್ರೆ ನೀನು ಮತ್ತೆ ಲ್ಯಾಬಿಗೆ ಬರ್ತಿದ್ದೆಯಾ?"

"ಈಗ?"

"ಈಗ್ಲೂ ಎದ್ದು ಅಡುಗೆಮನೆ ಸಿಲಿಂಡರ್ ನೋಡ್ಬರ್ತೀನಿ. ಅಮ್ಮ ಬೈತಾಳೆ."

ನನಗೆ ನಗು ಬಂತು, ಆಮೇಲೆ ಅಳು. ಆ ನಾಟಕವನ್ನೂ ನಾನು ಅಷ್ಟು ಚೆನ್ನಾಗಿ ಆಡಲಾರೆ ಎಂದು ಸಣ್ಣ ಕಿಚ್ಚೂ ಬಂತು.

ಆ ರಾತ್ರಿ ಎಚ್ಚರವಾಗಲಿಲ್ಲ. ಬೆಳಿಗ್ಗೆ ಅಮ್ಮ ಭುಜ ಅಲುಗಾಡಿಸುತ್ತಿದ್ದಳು: "ಏಳಮ್ಮಾ, ಬಸ್ಸು ಹೊಂಟೋಯ್ತು!"