ಅರವತ್ತು ಬೆಂಚುಗಳ ಮಾನ್ಯತೆ

ಪಾಂಡವಪುರದ ಮರಗೆಲಸದ ವೆಂಕಟೇಶಾಚಾರಿ ಹೊಡೆದ ಮೊಳೆಯನ್ನು ಯಮನೂ ಕೀಳಲಾರ ಎಂದು ಸುತ್ತ ಮೂರು ತಾಲ್ಲೂಕು ನಂಬಿತ್ತು. ಊರಾಚೆಯ ಖಾಸಗಿ ಇಂಜಿನಿಯರಿಂಗ್ ಕಾಲೇಜು ತೊಂಬತ್ತೊಂದರಲ್ಲಿ ಹಳೆಯ ಆಲೆಮನೆಯಲ್ಲಿ ಶುರುವಾದಾಗ ಅದರ ಮೊದಲ ಕರಿಹಲಗೆ ಮಾಡಿದವನೂ ಅವನೇ. ಆಗ ಬೆಲ್ಲ ಮೆತ್ತಿದ ಗೋಡೆಗೆ ಒರಗಿದ ಹುಡುಗರನ್ನು ಇರುವೆಗಳೇ ಹೊತ್ತು ಮನೆಗೆ ಬಿಡುತ್ತಿದ್ದವು. ಆದರೂ ಮೊದಲ ತಂಡದಲ್ಲೇ ಕೆ.ಆರ್. ಪೇಟೆಯ ಹುಡುಗಿಯೊಬ್ಬಳು ಮೂರನೇ ರ‍್ಯಾಂಕ್ ಬಂದಳು. ಅಧ್ಯಕ್ಷ ನಂಜಪ್ಪಗೌಡರು ಅಂದಿನಿಂದ ಕಾಲೇಜನ್ನು ‘ನಮ್ ಯೂನಿವರ್ಸಿಟಿ’ ಎಂದೇ ಕರೆಯತೊಡಗಿದರು.

ಮರ್ಯಾದೆ ಹೋದದ್ದು ತೊಂಬತ್ತಾರರಲ್ಲಿ. ಪರಿಶೀಲನೆಗೆ ಬಂದ ಸಮಿತಿಗೆ ತೋರಿಸಲು ಗೌಡರು ಮದುವೆ ಛತ್ರದಿಂದ ಬೆಂಚು ತರಿಸಿದ್ದರು. ಬೆಂಚುಗಳ ಬೆನ್ನ ಮೇಲೆಲ್ಲ ಛತ್ರದ ಹೆಸರು! ಪತ್ರಿಕೆಯವರು ಬಿಟ್ಟಾರೆಯೇ? ಲ್ಯಾಬು, ಲೈಬ್ರರಿ ಸರಿಯಿವೆ, ಮುಂದಿನ ವರ್ಷ ಸ್ವಂತ ಬೆಂಚು ತೋರಿಸದಿದ್ದರೆ ಮಾನ್ಯತೆ ರದ್ದು ಎಂದು ಸಮಿತಿ ಬರೆದುಹೋಯಿತು. ರದ್ದಾದರೆ, ಅಷ್ಟರಲ್ಲಿ ಕೊನೆಯ ವರ್ಷಕ್ಕೆ ಬರುವ ಆಚಾರಿಯ ಮಗಳು ರಾಧಾಮಣಿಯ ಓದೆಲ್ಲ ನೀರುಪಾಲು.

ಗೌಡರು ಆಚಾರಿಗೆ ಅರವತ್ತು ಬೆಂಚು ಹೇಳಿದ್ದು ಮರುವರ್ಷ ಸಮಿತಿ ಬರುವುದಕ್ಕೆ ಹದಿನೈದೇ ದಿನ ಮುಂಚೆ. ಆಚಾರಿ ಮರ ಕೊಯ್ದ ಹೊಟ್ಟಿನಲ್ಲಿ ಕುಂತಿಬೆಟ್ಟವೇ ಹೂತುಹೋಗುತ್ತಿತ್ತು. ವಾರ್ನಿಷ್ ಒಂದು ಬಾಕಿಯಿದ್ದಾಗ ಅಮಾವಾಸ್ಯೆ ಬಂತು. ಅವತ್ತು ಆಚಾರಿಗಳಲ್ಲಿ ಉಳಿ, ಕುಂಚ ಯಾವುದನ್ನೂ ಹಿಡಿಯುವಂತಿಲ್ಲ, ಪೂಜೆ ಮಾತ್ರ.

“ಅಲ್ಲ ಕಣ್ ಆಚಾರಿ, ನಾಳೆ ಅತ್ತು ಗಂಟೆಗೆ ಸಮಿತಿ ಬತ್ತದೆ. ಉಳಿಗೆ ಊವ ಮುಡಿಸ್ಕಂಡು ಕುಂತಿದ್ದೀಯಲ್ಲ!” ಎಂದರು ಗೌಡರು.

“ಅಮಾಸೆ ಗೌಡ್ರೇ. ಮುಟ್ಟಾಕಿಲ್ಲ.”

“ಮಗಳ ಡಿಗ್ರಿ ಕೈತಪ್ಪಿ ಓದ್ರೆ?”

ಆಚಾರಿ ಉಳಿಯ ಮುಂದೆ ಇನ್ನೊಂದು ಕರ್ಪೂರ ಹಚ್ಚಿದ.

ಮರುದಿನ ಬೆಳಕು ಹರಿಯುತ್ತಲೇ ಅರವತ್ತಕ್ಕೂ ವಾರ್ನಿಷ್ ಬಳಿದ. ಹತ್ತಕ್ಕೆ ಸಮಿತಿ ಬಂತು. ಹಿರಿಯ ಸದಸ್ಯರೊಬ್ಬರು, “ಇವು ಯಾವ ಛತ್ರದವು ಗೌಡರೇ?” ಎನ್ನುತ್ತ ಕೂತೇಬಿಟ್ಟರು.

“ಬ್ಯಾಡಿ ಸ್ವಾಮಿ!” ಎಂದು ಆಚಾರಿ ಕೂಗುವಷ್ಟರಲ್ಲಿ ಮುಗಿದಿತ್ತು. ಕಡತವನ್ನೆಲ್ಲ ನೋಡಿ ಮುಗಿಸಿ ಅವರು ಎದ್ದರೆ ಬೆಂಚೂ ಜೊತೆಗೆ ಎದ್ದಿತು. ಇಬ್ಬರು ಜವಾನರು ಹಿಡಿದೆಳೆದಾಗ ಪ್ಯಾಂಟು ಹರಿದ ಸದ್ದಿಗೆ ಗಂಜಾಂನಲ್ಲಿ ಕಾವೇರಿ ಒಂದು ಗಳಿಗೆ ನಿಂತು ಹರಿಯಿತಂತೆ.

ಮಗಳ ಪದವಿಯನ್ನು ನನ್ನ ಕೈಯಾರೆ ಅಳಿಸಿದೆ ಎಂದು ಆಚಾರಿ ಕಂಬ ಹಿಡಿದು ನಿಂತ.

ಸದಸ್ಯರು ಬೆಂಚು ಮುಟ್ಟಿ ಬೆರಳು ಮೂಸಿ ನೋಡಿದರು. “ಇನ್ನೂ ಒಣಗಿಲ್ಲವಲ್ಲಯ್ಯ!”

“ಒತ್ತಾರೆ ಬಳ್ದಿದ್ದು ಸ್ವಾಮಿ. ನೆನ್ನೆ ಅಮಾಸೆ.”

ಅವರು ಗಹಗಹಿಸಿ ನಕ್ಕುಬಿಟ್ಟರು. “ಹಸಿ ಬೆಂಚನ್ನು ಯಾವ ಛತ್ರದವರು ಬಾಡಿಗೆಗೆ ಕೊಡುತ್ತಾರೆ? ಬೆಂಚು ಸ್ವಂತದ್ದೇ, ಮಾನ್ಯತೆ ಮುಂದುವರಿಯಲಿ, ಬರೆದುಕೊಳ್ಳಿ. ಗೌಡರೇ, ಮೊದಲು ನನಗೊಂದು ಪಂಚೆ!”

ಬಾಗಿಲ ಮರೆಯಲ್ಲಿದ್ದ ರಾಧಾಮಣಿ ಓಡಿಬಂದು ಅಪ್ಪನ ತೋಳು ಅಲುಗಿಸಿದಳು. “ಅಪ್ಪೋ, ಇನ್ನಾದ್ರೂ ಉಸ್ರು ಬುಡು!”

ಆಚಾರಿ ಬಿಟ್ಟ. ಆ ಉಸಿರಿಗೆ ಅರವತ್ತು ಬೆಂಚೂ ಒಣಗಿದವು.