ಅಂಬರನಾಥದ ಅಜ್ಜಿ

"ಮುಂಜಾನಿ ಏನ್ ತಿಂದ್ರಿ ಮೇಡಂ?"

ಗಾಜಿನ ಆಚೆ ಕುಳಿತವರ ಪ್ರಶ್ನೆ ಹೆಡ್‌ಫೋನಿನಲ್ಲಿ ಕೇಳಿಸಿದಾಗ ನಾನು ಕೈಯಲ್ಲಿದ್ದ ಪಾಠದ ಹಾಳೆಯನ್ನೇ ನೋಡುತ್ತಾ ಕೂತೆ. ನವಿ ಮುಂಬಯಿಯ ವಿಶ್ವವಿದ್ಯಾಲಯವೊಂದರ ಮೀಡಿಯಾ ಸೆಂಟರಿನಲ್ಲಿ ಅದು ನನ್ನ ಮೊದಲ ರೆಕಾರ್ಡಿಂಗ್. ಭಾಷೆ ಕಲಿಸುವವರಿಗೆ ಆಡಿಯೊ, ವಿಡಿಯೊ ಪಾಠಗಳನ್ನು ಮಾಡಿಕೊಡುವುದು ಆ ಸೆಂಟರಿನ ಕೆಲಸ. ಕನ್ನಡ ಬಾರದವರಿಗೆ ಕನ್ನಡ ಕಲಿಸಲು ನನ್ನನ್ನು ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡಿದ್ದರು. ಮುಂದಿನ ವರ್ಷ ನಾನು ಇರಬೇಕೋ ಬೇಡವೋ ಎಂಬುದನ್ನು ಈ ಪಾಠಗಳನ್ನು ಕೇಳಿ ತೀರ್ಮಾನಿಸುವುದಾಗಿ ವಿಭಾಗದ ಮುಖ್ಯಸ್ಥೆ ಮೊದಲೇ ತಿಳಿಸಿದ್ದರು.

"ದನಿ ಲೆವೆಲ್ ನೋಡಬೇಕ್ರಿ. ಏನರ ಒಂದ್ ನಾಲ್ಕ್ ಮಾತಾಡ್ರಿ. ತಿಂದದ್ದು ಹೇಳಾಕ ಯಾರೂ ವಿಚಾರ ಮಾಡಂಗಿಲ್ಲ, ಅದಕ್ಕ ಅದನ್ನ ಕೇಳ್ತೀನಿ" ಎಂದರು ರೆಕಾರ್ಡಿಸ್ಟ್. ಅವರು ವಿಜಯಪುರದ ಕಡೆಯವರು, ಕಲ್ಯಾಣದಲ್ಲಿ ಮನೆ.

ನಾನು ವಿಚಾರ ಮಾಡಿದೆ. ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಬೇರೆಯೇ ತೂಕವಿದೆ. ನಾನು ಕಾಲೇಜಿನಲ್ಲಿದ್ದಾಗ ಡೊಂಬಿವಲಿಯಲ್ಲಿ ಬಾಡಿಗೆಗೆ ಮನೆ ನೋಡಲು ಹೋಗಿದ್ದೆವು. ಬಾಲ್ಕನಿಗೆ ಬಿಸಿಲು ಬರುತ್ತಿತ್ತು, ಸ್ಟೇಷನ್ನಿಗೆ ನಡೆದು ಹೋಗಬಹುದಿತ್ತು. ಸೊಸೈಟಿಯ ಸೆಕ್ರೆಟರಿ ನೀರು ಕೊಟ್ಟು, ಊರು ಕೇಳಿ, ಉಡುಪಿ ಎಂದ ಕೂಡಲೇ ಮುಖ ಅರಳಿಸಿ, "ಖಾನೇ ಮೇ ಕ್ಯಾ ಕ್ಯಾ ಬನ್‌ತಾ ಹೈ?" ಎಂದು ಮನೆಯ ಅಡುಗೆಯ ಬಗ್ಗೆ ನಗುತ್ತಲೇ ವಿಚಾರಿಸಿದರು. ಹೋಟೆಲಿನ ಗಲ್ಲಾದಲ್ಲಿ ಕೂತು ಎಲ್ಲರಿಗೂ ನಿಜವನ್ನೇ ಹೇಳಿ ರೂಢಿಯಿದ್ದ ಅಪ್ಪ, "ಮಚ್ಛೀ. ಬಾಕೀ ಕುಛ್ ನಹೀಂ" ಎಂದು ಮೀನೊಂದನ್ನು ಒಪ್ಪಿಕೊಂಡರು. ಆ ಮನೆ ನಮಗೆ ಸಿಗಲಿಲ್ಲ. ಮೆಟ್ಟಿಲು ಇಳಿಯುವಾಗ ಅಮ್ಮ ನನ್ನ ಕೈ ಹಿಡಿದು ತುಳುವಿನಲ್ಲಿ, "ಇನ್ನು ಯಾರೇ ಕೇಳಿದರೂ ತಿಂಡಿ ಆಯ್ತು ಅನ್ನು, ಅಷ್ಟೇ. ಏನು ತಿಂದೆ ಅಂತ ಬೇಡ" ಎಂದರು. ಅದೇ ಡೊಂಬಿವಲಿಯಲ್ಲಿ ಈಗ ನಾವಿರುವ ಕಟ್ಟಡದಲ್ಲಿ ಯಾರೂ ಕೇಳುವುದಿಲ್ಲ. ಆದರೂ ಮೀನು ಹುರಿಯುವ ದಿನ ಅಮ್ಮ ಮೊದಲು ಕಿಟಕಿ ಹಾಕುತ್ತಾರೆ.

ಆ ಬೆಳಿಗ್ಗೆ ನಾನು ತಿಂದದ್ದು ನೀರುದೋಸೆ ಮತ್ತು ಹಿಂದಿನ ದಿನದ ಬಂಗುಡೆ ಮೀನಿನ ಸಾರು. ಮೈಕಿಗೆ ಹೇಳಿದ್ದು ಕೆಸುವಿನ ಎಲೆಯ ಪತ್ರೊಡೆ. ಯಾರು ಮಾಡಿದರು ಎಂದು ಅವರು ಕೇಳುವ ಮೊದಲೇ, "ಅಂಬರನಾಥದಲ್ಲಿ ನನ್ನ ಅಜ್ಜಿ ಇದ್ದಾರೆ. ಅವರು ಮಾಡಿದ್ದು" ಎಂದು ಸೇರಿಸಿದೆ. ನನ್ನ ಇಬ್ಬರು ಅಜ್ಜಿಯರೂ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಾರೆ.

ಮುಂದಿನ ಸಲವೂ ಅದೇ ಪ್ರಶ್ನೆ. ಅದರ ಮುಂದಿನ ಸಲವೂ. ಪ್ರತಿ ಬಾರಿ ಏನಾದರೊಂದು ಹೇಳಬೇಕಾದ್ದರಿಂದ ಅಜ್ಜಿ ಬೆಳೆಯುತ್ತಾ ಹೋದರು. ಮಿಕ್ಸಿ ತಂದುಕೊಟ್ಟರೂ ಮುಟ್ಟದೆ ಕಲ್ಲಿನಲ್ಲೇ ರುಬ್ಬಿದರು. ಕೆಸುವಿನ ಎಲೆಗಾಗಿ ರೈಲ್ವೆ ಹಳಿಯ ಪಕ್ಕಕ್ಕೆ ಹೋಗಿ ಬೈಸಿಕೊಂಡರು. ಕಡುಬು ಬೇಯಿಸುವ ಮೂಡೆಗೆ ಎಲೆ ಸಿಗುವುದಿಲ್ಲವೆಂದು ಇಡೀ ಮಹಾರಾಷ್ಟ್ರವನ್ನು ದೂರಿದರು. ಗಾಜಿನ ಆಚೆ ರೆಕಾರ್ಡಿಸ್ಟ್ ನಗುತ್ತಿದ್ದರು. ಆ ನಗು ನನಗೆ ಹಿಡಿಸುತ್ತಿರಲಿಲ್ಲ. ಲೆವೆಲ್ ನೋಡಲು ನಾಲ್ಕು ಮಾತು ಸಾಕೆಂದವರು ಇಷ್ಟೆಲ್ಲ ಯಾಕೆ ಕೇಳಿಸಿಕೊಳ್ಳುತ್ತಾರೆ?

ಸಂಜೆಯ ಹೊತ್ತು ನಾನು ವಾಶಿ ಕಡೆಯಿಂದ ಠಾಣೆಗೆ ಬಂದು ಅಲ್ಲಿ ಗಾಡಿ ಬದಲಿಸುತ್ತೇನೆ. ಒಮ್ಮೆ ಅದೇ ಪ್ಲಾಟ್‌ಫಾರ್ಮಿನಲ್ಲಿ ಅವರು ಕಂಡರು. ತಲೆಯಾಡಿಸಿ ಜೆಂಟ್ಸ್ ಡಬ್ಬಿಯ ಕಡೆಗೆ ಹೋದರು. ಡೊಂಬಿವಲಿಯಲ್ಲಿ ಇಳಿದು ಸೇತುವೆ ಹತ್ತುವಾಗ ನೋಡಿದರೆ, ಹೊರಟ ಗಾಡಿಯ ಬಾಗಿಲಿನಲ್ಲಿ ನಿಂತು ಅವರು ನನ್ನನ್ನೇ ನೋಡುತ್ತಿದ್ದಂತಿತ್ತು. ಅಂಬರನಾಥ ಇನ್ನೂ ಮುಂದಿದೆ ಎಂಬುದು ಈ ಲೈನಿನಲ್ಲಿ ಓಡಾಡುವ ಯಾರಿಗಾದರೂ ಗೊತ್ತು.

ಆಮೇಲೆ ತರಗತಿಯಲ್ಲಿ ಒಂದು ಸಂಗತಿ ನಡೆಯಿತು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಬ್ಯಾಂಕಿನವರು, ಕೆಲವರು ನರ್ಸುಗಳು. ಇಲ್ಲೇ ಹುಟ್ಟಿ, ಕನ್ನಡ ಅರ್ಥವಾದರೂ ಹಿಂದಿಯಲ್ಲಿ ಉತ್ತರಿಸುವ ನಮ್ಮವರ ಮಕ್ಕಳೂ ಇಬ್ಬರು ಮೂವರಿದ್ದರು. ಠಾಣೆಯ ಪಕ್ಕದ ಕಳ್ವಾ ಎಂಬಲ್ಲಿಂದ ಬರುವ, ನನಗಿಂತ ಎಷ್ಟೋ ಹಿರಿಯರಾದ ಮರಾಠಿ ನರ್ಸ್ ಒಬ್ಬರು ಒಂದು ದಿನ ಎದ್ದು ನಿಂತು, ಒಂದೊಂದೇ ಪದ ಹುಡುಕಿ, "ಮೇಡಂ, ನಿಮ್ಮ ಅಜ್ಜಿಗೆ ಎಲೆ ಸಿಕ್ಕಿತಾ?" ಎಂದರು.

ಎಲ್ಲರೂ ನಕ್ಕರು. ಎಲ್ಲರಿಗೂ ಗೊತ್ತಿತ್ತು.

ನಾನು ಅಜ್ಜಿಯ ವಿಷಯ ಹೇಳಿದ್ದು ಮೈಕಿಗೆ ಮಾತ್ರ. ತರಗತಿ ಮುಗಿದ ಮೇಲೆ ನಾನೇ ವಿದ್ಯಾರ್ಥಿಗಳ ಆಪ್ ತೆರೆದು ನೋಡಿದೆ. ನಾನು ಬರೆದ ಪಾಠಗಳ ಕೆಳಗೆ 'ಕೇಳಿ ಅಭ್ಯಾಸ ಮಾಡಿ' ಎಂಬ ಹೊಸ ಭಾಗವಿತ್ತು. ಅಲ್ಲಿ ನನ್ನ ಎಲ್ಲ ಸುಳ್ಳು ತಿಂಡಿಗಳೂ ಸಾಲಾಗಿ ಕೂತಿದ್ದವು. ನನ್ನ ಕೆಮ್ಮು ಕೂಡ ಇತ್ತು.

ರೆಕಾರ್ಡಿಸ್ಟರನ್ನು ಕೇಳಬೇಕೆಂದು ಹೊರಡುವಷ್ಟರಲ್ಲಿ ಮುಖ್ಯಸ್ಥೆಯ ಕರೆ ಬಂತು. ಅವರು ಪುಣೆಯವರು, ಸಂತೋಷವಾದರೆ ಮರಾಠಿಗೆ ಜಾರುತ್ತಾರೆ. "ಕಿತೀ ಗೋಡ್ ಆಜೀ ಆಹೇ ಗ ತುಝೀ!", ಎಷ್ಟು ಮುದ್ದಾದ ಅಜ್ಜಿ ನಿನ್ನದು, ಎಂದು ಕುರ್ಚಿ ತೋರಿಸಿದರು. ವಿದ್ಯಾರ್ಥಿಗಳು ಪಾಠಗಳನ್ನು ಅರ್ಧಕ್ಕೇ ಬಿಡುತ್ತಾರಂತೆ, ಅಜ್ಜಿಯನ್ನು ಮಾತ್ರ ಮತ್ತೆ ಮತ್ತೆ ಕೇಳುತ್ತಾರಂತೆ. ಹೊರಗಿನಿಂದ ಬಂದ ಪರಿಶೀಲಕರಿಗೂ ಅದೇ ಮೆಚ್ಚುಗೆಯಾಗಿದೆಯಂತೆ. ಈಗ ಅಂಬರನಾಥಕ್ಕೆ ಕ್ಯಾಮೆರಾ ಹೋಗಬೇಕು. ಅಜ್ಜಿಯ ಅಡುಗೆಮನೆಯಲ್ಲಿ ವಿಡಿಯೊ ಪಾಠಗಳಾಗಬೇಕು. "ಅದೊಂದು ಆಯಿತೆಂದರೆ ನಿನ್ನ ಮುಂದಿನ ವರ್ಷದ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ನಾನು ವಿಚಾರಿಸಿ ಹೇಳುತ್ತೇನೆ ಎಂದೆ. ಯಾರನ್ನು ವಿಚಾರಿಸುವುದು?

ಸೀದಾ ಮೀಡಿಯಾ ಸೆಂಟರಿಗೆ ಹೋದೆ. ರೆಕಾರ್ಡಿಸ್ಟ್ ಕೇಬಲ್ ಸುತ್ತಿಡುತ್ತಿದ್ದರು.

"ನೀವು ಲೆವೆಲ್ ನೋಡಲಿಕ್ಕೆ ಅಂತ ಕೇಳಿದ್ದು. ಅದನ್ನು ಇಟ್ಟುಕೊಂಡದ್ದು ಯಾಕೆ?"

"ಮಷೀನ್ ಚಾಲೂನ ಇರತೈತ್ರಿ. ಕೇಳಿದೆ, ಚಲೋ ಇತ್ತು. ಪಾಠ ಓದೂಮುಂದ ನೀವು ಬ್ಯಾಂಕಿನ ನೋಟಿಸ್ ಓದಿದಂಗ ಓದ್ತೀರಿ. ಇದರಾಗ ಮಾತಾಡ್ತೀರಿ."

"ನನ್ನ ಮನೆಯ ವಿಷಯ ಅದು."

ಅವರು ಕೇಬಲ್ ಕೆಳಗಿಟ್ಟರು. "ಮನೀ ವಿಷಯ? ಮೇಡಂ, ನೀವು ಇಳಿಯೋದು ಡೊಂಬಿವಲಿ. ಅಂಬರನಾಥದ ಮುದುಕಿ ಪತ್ರೊಡಿ ಏನು ಲೋಕಲ್ಲಿನಾಗ ಕೊಟ್ಟು ಕಳಿಸ್ತಾಳೇನ್ರಿ?"

"ಸುಳ್ಳು ಅಂತ ಗೊತ್ತಿದ್ದೂ ಹಾಕಿದಿರಾ?"

"ಪಾಠದಾಗಿನ ಹುಡುಗ ಸಂತಿಗೆ ಹೋಗಿದ್ದೂ ಸುಳ್ಳ ಐತಲ್ರಿ?"

"ಆ ಹುಡುಗ ನಾನಲ್ಲ. ಒಂದು ಮಾತು ನನ್ನನ್ನು ಕೇಳಬಹುದಿತ್ತು."

"ಕೇಳಿದ್ರ ಹೂಂ ಅಂತಿದ್ರೇನು?"

"ಇಲ್ಲ."

"ಮತ್ತ?" ಎಂದು ಅವರು ಮತ್ತೆ ಕೇಬಲ್ ಎತ್ತಿಕೊಂಡರು. ಅದನ್ನೇ ಉತ್ತರವೆಂದುಕೊಂಡಿದ್ದರು. ಬೇಡ ಅನ್ನುತ್ತೇನೆಂದು ಗೊತ್ತಿದ್ದೇ ಕೇಳದಿದ್ದದ್ದು ನನಗಂತೂ ಅಪರಾಧ. ಎಲ್ಲವನ್ನೂ ಅಳಿಸಿ ಎಂದೆ. ನನ್ನೆದುರೇ ಒಂದೊಂದಾಗಿ ಅಳಿಸಿದರು. ಮೇಜಿನ ಮೇಲೆ ಇನ್ನೊಂದು ಕಂಪ್ಯೂಟರ್ ಇತ್ತು. ಅದರ ಪರದೆ ಗೋಡೆಗೆ ತಿರುಗಿತ್ತು. ಅದರಲ್ಲಿ ಏನಿದೆ ಎಂದು ಕೇಳಿದೆ. "ಅದು ಹಿಂದಿ ಮೇಡಂದ್ರಿ" ಎಂದರು. ಹಿಂದಿ ಮೇಡಂ ಬೆಳಿಗ್ಗೆ ಏನು ತಿಂದಿದ್ದರೋ ಎಂದು ಯೋಚಿಸುತ್ತಾ ಹೊರಬಂದೆ.

ಮರುದಿನ ಮುಖ್ಯಸ್ಥೆಗೆ ಅಜ್ಜಿ ಇಲ್ಲ ಎಂದೆ. ತೀರಿಕೊಂಡರೇ ಎಂದು ಅವರು ಎದ್ದೇ ನಿಂತರು. ಇಲ್ಲ, ಇರಲೇ ಇಲ್ಲ ಎಂದೆ. ಅವರು ಮತ್ತೆ ಕುಳಿತು, "ಅರೇ, ಮಗ್ ಕುಣೀ ದುಸರೀ ಆಜೀ ಬಘ್! ಬೇರೆ ಯಾರನ್ನಾದರೂ ಹುಡುಕು. ನಿಮ್ಮ ಕನ್ನಡ ಸಂಘದಲ್ಲಿ ಅಜ್ಜಿಯಂದಿರಿಗೆ ಬರವೇ?" ಎಂದು ನಕ್ಕರು. ಬರವಿಲ್ಲ. ನಮ್ಮ ಮಹಡಿಯಲ್ಲೇ ಇಬ್ಬರಿದ್ದಾರೆ. ಆದರೆ ಅವರಲ್ಲೊಬ್ಬರ ಅಡುಗೆಮನೆಗೆ ಕ್ಯಾಮೆರಾ ಹೊಗಿಸಿ, ಇವರು ನನ್ನ ಅಜ್ಜಿ ಎನ್ನುವುದು ನನ್ನಿಂದಾಗದು ಎಂದೆ. ಅವರ ನಗು ನಿಧಾನವಾಗಿ ಇಳಿಯಿತು. "ಆಯಿತು. ಪರಿಶೀಲಕರಿಗೆ ಏನು ಹೇಳಲಿ ನೋಡುತ್ತೇನೆ" ಎಂದರು.

ಏನು ಹೇಳಿದರೋ ತಿಳಿಯದು. ಒಂದು ವರ್ಷದ ಬದಲು ಒಂದೇ ಸೆಮೆಸ್ಟರಿಗೆ ನನ್ನನ್ನು ಮುಂದುವರಿಸಿದರು. ಈಗ ಲೆವೆಲ್ ನೋಡುವಾಗ ನಾನು ಒಂದು, ಎರಡು, ಮೂರು ಎಂದು ಎಣಿಸುತ್ತೇನೆ. ರೆಕಾರ್ಡಿಸ್ಟ್ ಏನೂ ಕೇಳುವುದಿಲ್ಲ, ನಗುವುದೂ ಇಲ್ಲ. ಪಾಠ ಓದುವಾಗ ನನ್ನ ದನಿ ನನಗೇ ಬ್ಯಾಂಕಿನ ನೋಟಿಸಿನಂತೆ ಕೇಳಿಸುತ್ತದೆ.

ಅಜ್ಜಿ ಆಪ್‌ನಿಂದ ಮಾಯವಾದ ವಾರವೇ ತರಗತಿಯಲ್ಲಿ ಗಲಾಟೆಯಾಗಿತ್ತು. ಯಾವ ಅಜ್ಜಿಯೂ ಇರಲಿಲ್ಲ ಎಂದು ಹೇಳಿಬಿಟ್ಟೆ. ನಮ್ಮವರ ಹುಡುಗಿಯೊಬ್ಬಳು, "ಮ್ಯಾಮ್, ಚೀಟಿಂಗ್ ಹೈ ಯೇ!" ಎಂದಳು. ಆ ಮರಾಠಿ ನರ್ಸ್ ಕೈ ಎತ್ತಿದರು.

"ಹಾಗಾದರೆ ಮೇಡಂ, ಇವತ್ತು ನೀವು ಏನು ತಿಂದಿರಿ?"

"ತಿಂಡಿ ಆಯ್ತು."

"ಮೇಡಂ," ಎಂದು ಅವರು ಬೆರಳು ಎತ್ತಿದರು, "ಪೂರ್ಣ ವಾಕ್ಯದಲ್ಲಿ ಉತ್ತರ ಕೊಡಿ." ಅದು ನಾನು ದಿನವೂ ಅವರಿಗೆ ಹೇಳುವ ಮಾತು.

ತರಗತಿಗಳನ್ನೂ ಮೀಡಿಯಾ ಸೆಂಟರಿನವರೇ ಚಿತ್ರೀಕರಿಸುತ್ತಾರೆ. ಹಿಂದಿನ ಗೋಡೆಯ ಮೂಲೆಯಲ್ಲಿರುವ ಕ್ಯಾಮೆರಾದ ಕಡೆ ನೋಡಿದೆ. ಅದರ ಕೆಂಪು ದೀಪ ಆರಿತ್ತು.

"ನಾನು ಇವತ್ತು ನೀರುದೋಸೆ ತಿಂದೆ" ಎಂದೆ.

"ಯಾವುದರ ಜೊತೆ?"

ಮತ್ತೊಮ್ಮೆ ಕ್ಯಾಮೆರಾ ನೋಡಿದೆ. ದೀಪ ಆರಿಯೇ ಇತ್ತು. ಆದರೂ ಮೀನು ಎನ್ನದೆ ಬೋರ್ಡಿನ ಕಡೆಗೆ ತಿರುಗಿ ಹಿಂದಿನ ದಿನದ ಪಾಠ ಒರೆಸತೊಡಗಿದೆ.