ಕೃತಜ್ಞತೆಯ ಪುಟ

ಕಣ್ಣಾಸ್ಪತ್ರೆಗೆ ಬರುವವರೆಲ್ಲ ಅವಳನ್ನು ಡ್ರಾಪ್ಸ್ ಅಕ್ಕ ಎನ್ನುತ್ತಿದ್ದರು. ಡಾಕ್ಟರು ನೋಡುವ ಮೊದಲು ಕಣ್ಣಿಗೆ ಹನಿ ಹಾಕಿ, ಪಾಪೆ ಅರಳುವವರೆಗೆ ರೆಪ್ಪೆ ಮುಚ್ಚಿ ಕೂರಿಸುವುದು ಅವಳ ಕೆಲಸ. ಕೋಣೆಯ ತುಂಬ ಜನ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು. ಮಹಿಳಾ ಅಧ್ಯಯನದ ಎಂ.ಎ.ಯನ್ನು ಅವಳು ಓದಿದ್ದು ಆ ಕೋಣೆಯಲ್ಲಿ. ಮನೆಯಲ್ಲಿ ಪುಸ್ತಕ ತೆರೆದರೆ ನೋಡಿದವರೆಲ್ಲ ಏನಾದರೂ ಒಂದು ಕೇಳುತ್ತಿದ್ದರು. ಇಲ್ಲಿ ನೋಡುವವರೇ ಇರಲಿಲ್ಲ. "ಸುಮ್ನೆ ಕೂತು ಬೇಜಾರಾಗ್ತಿದೆ, ನೀನು ಓದ್ತಿರೋದನ್ನೇ ಗಟ್ಟಿಯಾಗಿ ಓದಮ್ಮ" ಎಂದು ಒಬ್ಬ ಅಜ್ಜಿ ಕೇಳಿದ ಮೇಲೆ ಗಟ್ಟಿಯಾಗಿಯೇ ಓದತೊಡಗಿದಳು. ಕೇಳುತ್ತ ಕೇಳುತ್ತ ಕೆಲವರು ಗೊರಕೆ ಹೊಡೆದರು, ಕೆಲವರು ಜಗಳಕ್ಕೇ ಬಂದರು.

ಮನೆಯ ಕಥೆ ಬೇರೆ. ಗಂಡ ವಿಮೆ ಕಚೇರಿಯ ಗುಮಾಸ್ತ, ಒಳ್ಳೆಯವನೆಂದು ಹೆಸರಾದವನು. ಓದಬೇಡ ಎಂದು ಅವನು ಯಾವತ್ತೂ ಬಾಯಿ ಬಿಟ್ಟು ಹೇಳಿದವನಲ್ಲ. ಮದುವೆಯಾದ ಹೊಸದರಲ್ಲಿ ಕಾಲೇಜಿನ ಮಾತೆತ್ತಿದರೆ "ಮುಂದಿನ ವರ್ಷ ನೋಡೋಣ" ಎಂದ. ಹೀಗೆ ಮುಂದಿನ ವರ್ಷಗಳು ಬಂದು ಬಂದು ಮಗಳು ಹೈಸ್ಕೂಲಿಗೆ ಹೋದಳು. ಕೊನೆಗೆ ಇವಳು ಯಾರನ್ನೂ ಕೇಳದೆ ಸೇರಿಕೊಂಡಾಗ "ಓದು, ಓದು, ನಂದೇನೂ ಅಭ್ಯಂತರ ಇಲ್ಲ" ಎಂದ. ಅಭ್ಯಂತರವಿಲ್ಲವಂತೆ! ಅವನ ಹಲ್ಲುಜ್ಜುವ ಬ್ರಷ್ಷಿಗೂ ಅಭ್ಯಂತರವಿರಲಿಲ್ಲ, ಅದಕ್ಕೂ ಕೈಮುಗಿಯಬೇಕೆ? ಮೊದಲ ಪರೀಕ್ಷೆಯ ದಿನವೇ ತಂಗಿಯ ಮನೆಯವರನ್ನೆಲ್ಲ ಊಟಕ್ಕೆ ಕರೆದ. ಎರಡನೆಯ ಸಲ ತಾಯಿಯ ಹಲ್ಲು ಕೀಳಿಸಲು ಅದೇ ದಿನ ಗೊತ್ತು ಮಾಡಿಕೊಂಡು ಬಂದ. ಕೇಳಿದರೆ "ಅಯ್ಯೋ, ಮರೆತೇಹೋಯ್ತು ಕಣೆ" ಎಂದು ತಲೆ ಕೆರೆದುಕೊಂಡ. ಅತ್ತೆಯದಂತೂ ದಿನಾ ಒಂದೇ ತಮಾಷೆ: "ಹೆಂಗಸಾಗೋದು ಹೇಗೆ ಅಂತ ಓದಕ್ಕೂ ಕಾಲೇಜು ಬೇಕೇನೆ?" ಬೇಯಿಸುವುದು, ಬಳಿಯುವುದು, ಒಗೆಯುವುದು ಎಲ್ಲ ಮುಗಿಸಿ ಹಲ್ಲು ಕಚ್ಚಿಕೊಂಡು ಅವಳು ಬಸ್ಸು ಹತ್ತುತ್ತಿದ್ದಳು.

ಕೊನೆಯ ವರ್ಷದ ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ಮದುವೆಯಾದ ಮೇಲೆ ಓದು ನಿಂತುಹೋದ ಹೆಂಗಸರನ್ನು. ಬಟ್ಟೆ ಅಂಗಡಿ, ಶಾಲೆಯ ಗೇಟು, ಬ್ಯಾಂಕಿನ ಸಾಲು, ಎಲ್ಲಿ ಸಿಕ್ಕರೆ ಅಲ್ಲಿ ಮಾತಾಡಿಸಿದಳು. "ನಿಲ್ಲಿಸು ಅಂತ ಯಾರೂ ಹೇಳ್ಲಿಲ್ಲಪ್ಪ, ಅದೇ ನಿಂತೋಯ್ತು" ಎಂದು ಎಲ್ಲರೂ ನಕ್ಕರು. ತಾನೇ ನಿಂತುಹೋಗಲು ಅದೇನು ಗಡಿಯಾರವೇ? ಯಾರು ಹೇಗೆ ನಿಲ್ಲಿಸುತ್ತಾರೆ ಎಂಬುದನ್ನು ಎಳೆ ಎಳೆಯಾಗಿ ಬಿಡಿಸಿ ಬರೆದಳು.

ಪ್ರಬಂಧಕ್ಕೆಲ್ಲ ಮೊದಲು ಕೃತಜ್ಞತೆಯ ಪುಟವೊಂದಿರಬೇಕು ಎಂಬುದು ವಿಭಾಗದ ವಾಡಿಕೆ. ಗ್ರಂಥಾಲಯದ ಕಪಾಟಿನಲ್ಲಿದ್ದ ಹಳೆಯ ಪ್ರಬಂಧಗಳನ್ನು ಅವಳು ತೆರೆದು ನೋಡಿದ್ದಳು. ಎಲ್ಲದರಲ್ಲೂ ಅದೇ ಗಂಡ, ಅದೇ ತ್ಯಾಗ, ಅದೇ ಬೆನ್ನೆಲುಬು. ಅವಳು ಆ ಪುಟವನ್ನು ಬರೆಯಲೇ ಇಲ್ಲ. ಬರೆದರೆ ಕಣ್ಣು ಮುಚ್ಚಿ ಕೂತು ಕೇಳಿದವರಿಗೆ ಬರೆಯಬೇಕು, ಓದಿದವರು ತಮಾಷೆ ಎಂದುಕೊಂಡಾರು ಎಂದು ಬಿಟ್ಟಳು.

ಟೈಪಿಂಗ್ ಅಂಗಡಿಯವನು ಬಿಡಲಿಲ್ಲ. ಆ ಕಾಲೇಜಿನ ಪ್ರಬಂಧಗಳೆಲ್ಲ ಅವನ ಅಂಗಡಿಯಲ್ಲೇ ಅಚ್ಚಾಗಿ ಬೈಂಡಾಗುತ್ತಿದ್ದವು. ಪಾಪ, ಅಕ್ಕ ಮರೆತಿರಬೇಕು ಎಂದು ತನ್ನ ಕಂಪ್ಯೂಟರಿನಲ್ಲಿ ಸದಾ ಸಿದ್ಧವಾಗಿದ್ದ ಪುಟವನ್ನೇ ಅಚ್ಚು ಹಾಕಿ ಸೇರಿಸಿ ಬೈಂಡ್ ಮಾಡಿಬಿಟ್ಟ. ಕೊಡಲು ಅಂದೇ ಕೊನೆಯ ದಿನ. ಬಿಸಿಬಿಸಿ ಪ್ರತಿಗಳನ್ನು ಎತ್ತಿಕೊಂಡು ಓಡಿಹೋಗಿ ಕೊಟ್ಟು ಬಂದಳು, ತೆರೆದು ನೋಡಲು ಪುರುಸೊತ್ತೇ ಇರಲಿಲ್ಲ.

ನೋಡಿದ್ದು ಗಂಡ. ಸಂಜೆ ಅವಳು ಮನೆಗೆಂದು ಉಳಿಸಿಕೊಂಡಿದ್ದ ಪ್ರತಿಯನ್ನು ತೆರೆದವನೇ ಗಟ್ಟಿಯಾಗಿ ಓದಿದ: "ತಮ್ಮ ಸುಖವನ್ನೆಲ್ಲ ಬದಿಗಿಟ್ಟು ನನ್ನ ಓದಿಗೆ ಬೆನ್ನೆಲುಬಾಗಿ ನಿಂತ ಪತಿದೇವರಿಗೆ ಈ ಜನ್ಮದಲ್ಲಿ ಋಣ ತೀರಿಸಲಾರೆ." ಅದೇ ಸಾಲನ್ನು ಇನ್ನೊಮ್ಮೆ ಓದಿದ. ಅವಳಿಗೆ ಪಿತ್ತ ನೆತ್ತಿಗೇರಿತು.

"ರೀ, ಅದು ನಾನು ಬರೆದಿದ್ದಲ್ಲ."

"ನಾಚಿಕೆ ಯಾಕೆ? ಮನಸಲ್ಲಿದ್ದದ್ದು ಬಂದಿದೆ ಬಿಡು" ಎಂದು ಅವನು ಪುಸ್ತಕ ಎದೆಗವಚಿಕೊಂಡು ಕೆಳಗಿನ ಮನೆಗೆ ಇಳಿದೇ ಹೋದ. ಅಲ್ಲಿಂದ ತಂಗಿಯ ಮನೆಗೆ, ಮರುದಿನ ಕಚೇರಿಗೆ. ದಾರಿಯಲ್ಲಿ ಸಿಕ್ಕವರೆಲ್ಲ "ಇಂಥ ಗಂಡ ಸಿಗಕ್ಕೆ ಪುಣ್ಯ ಮಾಡಿರ್ಬೇಕಮ್ಮ" ಎಂದು ಅವಳ ಬೆನ್ನು ತಟ್ಟುವವರೇ.

ಅವಳು ಗೈಡ್ ಮೇಷ್ಟ್ರ ಬಳಿಗೆ ಓಡಿದಳು. ಅವರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು: "ಪ್ರತಿಯೊಂದು ಮಾತೂ ನನ್ನದೇ ಅಂತ ಒಳಗೆ ಸಹಿ ಹಾಕಿದೀರಮ್ಮ. ಒಂದು ಪುಟ ಬೇರೆಯವರದು ಅಂದ್ರೆ ಉಳಿದಿದ್ದೂ ಬೇರೆಯವರದೇ ಅಂತಾರೆ. ಫೇಲ್ ಮಾಡಿದ್ರೆ ಮತ್ತೆ ಮೊದಲಿಂದ. ತುಟಿಪಿಟಕ್ಕೆನ್ನದೆ ಇದ್ದುಬಿಡಿ. ಅದನ್ನ ಯಾರು ಓದ್ತಾರೆ?"

ಎಲ್ಲರೂ ಓದುವುದು ಅದೊಂದನ್ನೇ ಎಂದು ಅವಳಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು.

ಮೌಖಿಕ ಪರೀಕ್ಷೆಯ ದಿನ ಗಂಡ ರಜೆ ಹಾಕಿ, ಇಸ್ತ್ರಿ ಶರ್ಟು ತೊಟ್ಟು ಜೊತೆಗೇ ಬಂದ. ಮನೆಯ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕೂತ. ಒಳಗೆ ಮೇಷ್ಟ್ರು, ಬೇರೆ ಊರಿನಿಂದ ಬಂದ ಹಿರಿಯ ಮೇಡಂ. ಮೇಡಂ ಪ್ರಬಂಧ ತೆರೆದು ಕನ್ನಡಕ ಏರಿಸಿದರು.

"ಮೊದಲನೇ ಪುಟ ಓದಿ ಸಂತೋಷ ಆಯ್ತು. ಎಲ್ಲ ಗಂಡಂದಿರೂ ಹೀಗಿದ್ರೆ ನಮ್ಮ ವಿಭಾಗಕ್ಕೇ ಕೆಲಸ ಇರಲ್ಲ. ಹೊರಗೆ ಕೂತಿರೋರು ಅವರೇ ತಾನೆ? ಕೊನೇಲಿ ಒಳಗೆ ಕರೀರಿ, ಒಂದು ಫೋಟೋ ತೆಗೆಸ್ಕೊಳ್ಳೋಣ."

ಮೇಷ್ಟ್ರು ಮೇಜಿನ ಕೆಳಗಿನಿಂದ ಕೈಸನ್ನೆ ಮಾಡಿದರು. ಸುಮ್ಮನಿದ್ದರೆ ಪಾಸು, ಅಷ್ಟೇ. ಆದರೆ ಹಲ್ಲು ಕಚ್ಚಿದ್ದು ಸಾಕಾಗಿತ್ತು ಅವಳಿಗೆ.

"ಮೇಡಂ, ಆ ಪುಟ ನನ್ನದಲ್ಲ. ಅಂಗಡಿಯವನು ಸೇರಿಸಿದ್ದು. ಅದರಲ್ಲಿರೋದು ಒಂದೂ ನಿಜ ಅಲ್ಲ."

ಮೇಡಂ ಮುಖದ ನಗು ಆರಿತು. "ಮಿಕ್ಕಿದ್ದು ನಿಮ್ಮದೇ ಅಂತ ನಾನು ಹೇಗೆ ನಂಬಲಿ?"

"ಕೇಳಿ. ಯಾವ ಪುಟದಿಂದ ಬೇಕಾದ್ರೂ ಕೇಳಿ."

ಮೇಡಂ ಕೇಳಿದರು, ದಯೆ ದಾಕ್ಷಿಣ್ಯ ಒಂದೂ ಇಲ್ಲದೆ ಕೇಳಿದರು. ಅಲ್ಲಿ ತೆರೆದರು, ಇಲ್ಲಿ ತೆರೆದರು, ಅಡಿಟಿಪ್ಪಣಿಯನ್ನೂ ಬಿಡಲಿಲ್ಲ. ಅವಳು ಪುಸ್ತಕ ನೋಡದೆ ಹೇಳುತ್ತಾ ಹೋದಳು. ಯಾವ ಹೆಂಗಸು ಯಾವ ಮಾತಿಗೆ ನಕ್ಕಳು, ಯಾವುದಕ್ಕೆ ನಗು ನಿಲ್ಲಿಸಿದಳು, ಪರೀಕ್ಷೆಯ ದಿನವೇ ಯಾರ ಮನೆಗೆ ಯಾರು ಊಟಕ್ಕೆ ಬಂದರು. ಧ್ವನಿ ಏರಿದ್ದು ಅವಳಿಗೇ ಗೊತ್ತಾಗಲಿಲ್ಲ. ಓಣಿಯಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತು ಇಣುಕಿದರು. ಕೊನೆಗೆ ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

"ಸಾಕಮ್ಮ. ನಿಮ್ಮದೇ. ಪಾಸ್ ಮಾಡ್ತೀನಿ. ಆ ಪುಟ ಕಿತ್ತುಹಾಕಿ ಬೇರೆ ಬೈಂಡ್ ಮಾಡಿಸಿ ಕೊಡಿ." ಫೋಟೋದ ಮಾತು ಅವರು ಎತ್ತಲಿಲ್ಲ.

ಹೊರಗೆ ಗಂಡ ಎಲ್ಲ ಕೇಳಿಸಿಕೊಂಡಿದ್ದ. ಮುಖ ಕೆಂಪೇರಿತ್ತು.

"ನಾಲ್ಕು ಜನರ ಮುಂದೆ ನನ್ನ ಮಾನ ಕಳೆದೆಯಲ್ಲೇ! ಇಷ್ಟು ದಪ್ಪ ಪುಸ್ತಕದಲ್ಲಿ ನನ್ನ ಬಗ್ಗೆ ಇದ್ದದ್ದು ಅದೊಂದೇ ಪುಟ. ಅದೂ ನಿನಗೆ ಹೆಚ್ಚಾಯ್ತಾ?"

ಅವಳು ಅವನ ಕೈಯಿಂದ ಪುಸ್ತಕ ತೆಗೆದುಕೊಂಡು ಆ ಪುಟವನ್ನು ಪರ್ರನೆ ಹರಿದಳು. ಉಳಿದದ್ದನ್ನು ಅವನ ತೊಡೆಯ ಮೇಲೇ ಇಟ್ಟಳು.

"ಅದೊಂದು ಬಿಟ್ರೆ ಮಿಕ್ಕಿದ್ದೆಲ್ಲ ನಿಮ್ಮ ಬಗ್ಗೆನೇ ಇರೋದು. ಕೂತು ಓದಿ."